ಕುರನೂರಿನ ದಂಡೆಯಲ್ಲಿ ವರ್ಷದ ಲೆಕ್ಕ

ಧಾರಾಶಿವ ಜಿಲ್ಲೆಯಲ್ಲಿ ಹುಟ್ಟಿ, ನಳದುರ್ಗದ ಕೋಟೆಯ ಮಗ್ಗುಲಲ್ಲಿ ಹರಿದು ಬರುವ ಬೋರಿ ನದಿಯನ್ನು ಅಕ್ಕಲಕೋಟ ತಾಲೂಕಿನ ಕುರನೂರಿನಲ್ಲಿ ಅಣೆಕಟ್ಟು ತಡೆದು ನಿಲ್ಲಿಸಿದೆ. ಹರಣಾ ನದಿಯ ನೀರೂ ಇದೇ ಜಲಾಶಯವನ್ನು ಸೇರುತ್ತದೆ. ಅಕ್ಕಲಕೋಟ, ಮೈಂದರ್ಗಿ, ದುಧನಿ ಪಟ್ಟಣಗಳಿಗೆ ಕುಡಿಯುವ ನೀರು ಹೋಗುವುದು ಇಲ್ಲಿಂದಲೇ. ಕುರನೂರವೆಂಬ ಊರನ್ನು ಒಮ್ಮೆಯೂ ಕಾಣದವರು ಅದರ ನೀರನ್ನು ದಿನವೂ ಕುಡಿಯುತ್ತಾರೆ. ತಮ್ಮ ಪಾಡಿಗೆ ತಾವಿದ್ದು ಇತರರ ಬಾಯಾರಿಕೆ ನೀಗಿಸುವ ಇಂತಹ ಊರುಗಳ ಹೆಸರು ಯಾತ್ರಾ ಪುಸ್ತಕಗಳಲ್ಲಿ ಬರುವುದಿಲ್ಲ. ಅಕ್ಕಲಕೋಟಕ್ಕೆ ಸ್ವಾಮಿ ಸಮರ್ಥರ ದರ್ಶನಕ್ಕೆಂದು ಬರುವ ಸಾವಿರಾರು ಭಕ್ತರಲ್ಲಿ ಕುರನೂರಿನ ದಾರಿ ಕೇಳುವವರು ವಿರಳ.

2024ರ ಡಿಸೆಂಬರ್ ಕೊನೆಯ ಎರಡು ದಿನಗಳನ್ನು ನಾನು ಈ ಜಲಾಶಯದ ಆಸುಪಾಸಿನಲ್ಲಿ ಕಳೆದೆ. ನಮ್ಮ ಭಾಗದಲ್ಲಿ ವರ್ಷವು ಒಂದೇ ಸಲ ಮುಗಿಯುವುದಿಲ್ಲ. ಗೋಡೆಯ ಕ್ಯಾಲೆಂಡರಿನ ವರ್ಷ ಡಿಸೆಂಬರ್ 31ಕ್ಕೆ ಮುಗಿದರೆ, ಬ್ಯಾಂಕು ಮತ್ತು ಸೊಸೈಟಿಗಳ ವರ್ಷ ಮಾರ್ಚ್ 31ಕ್ಕೆ, ಪಂಚಾಂಗದ ವರ್ಷ ಯುಗಾದಿಯ ಮುನ್ನಾದಿನ ಮುಗಿಯುತ್ತದೆ. ರೈತನ ಮನಸ್ಸು ಮಾತ್ರ ಮಾರ್ಗಶಿರ ಮಾಸದ ಕೊನೆಗೆ ಬರುವ ಎಳ್ಳ ಅಮಾವಾಸ್ಯೆಯ ದಿನ ತನ್ನ ಹೊಲದ ಬದುವಿನ ಮೇಲೆ ನಿಂತು ಹಿಂದುಮುಂದನ್ನು ನೋಡಿಕೊಳ್ಳುತ್ತದೆ. ಆ ವರ್ಷ ಎಳ್ಳ ಅಮಾವಾಸ್ಯೆಯು ಡಿಸೆಂಬರ್ 30ರ ಸೋಮವಾರ ಬಂದಿತು. ಅದರ ಮರುದಿನವೇ ಕ್ಯಾಲೆಂಡರಿನ ಕೊನೆಯ ದಿನ.

ಅಂದು ದಂಡೆಯ ಸುತ್ತಲಿನ ಕಪ್ಪು ನೆಲದಲ್ಲಿ ಹಿಂಗಾರಿ ಬಿಳಿಜೋಳ ಆಳೆತ್ತರ ನಿಂತಿತ್ತು. ನಡುನಡುವೆ ಕಡಲೆ, ಕುಸುಬೆ. ಜೋಳದ ದಂಟುಗಳನ್ನು ಕೂಡಿಸಿ ಕಟ್ಟಿದ ಕೊಂಪೆಯೊಳಗೆ ಐದು ಕಲ್ಲುಗಳನ್ನು ಪಾಂಡವರೆಂದು ಇರಿಸಿ, ಸುಣ್ಣ ಬಳಿದು ಪೂಜಿಸಿದ್ದರು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಡುಬು, ಹಸಿಕಾಳು ಮತ್ತು ಕಾಯಿಪಲ್ಲೆಗಳನ್ನು ಒಂದುಗೂಡಿಸಿ ಬೇಯಿಸಿದ ಭಜ್ಜಿ, ಮಜ್ಜಿಗೆ ಬೆರೆಸಿದ ಅಂಬಲಿ ಬುಟ್ಟಿ ಗಡಿಗೆಗಳಲ್ಲಿ ಬಂದಿದ್ದವು. ಮೊದಲ ತುತ್ತು ಉಣ್ಣುವವರದಲ್ಲ. ಮನೆಯ ಹಿರಿಯನು ಹೊಲದ ನಾಲ್ಕೂ ದಿಕ್ಕಿಗೆ ನಡೆದು ಚರಗ ಚೆಲ್ಲಿ ಬಂದ ಮೇಲೆಯೇ ಉಳಿದವರು ಪಂಕ್ತಿಗೆ ಕುಳಿತರು. ಕನ್ನಡ ಮನೆ, ಮರಾಠಿ ಮನೆ ಎಂಬ ಭೇದ ಈ ಹಬ್ಬಕ್ಕಿಲ್ಲ. ಅವರ ‘ವೇಳ ಅಮಾವಾಸ್ಯೆ’ಯೇ ನಮ್ಮ ಎಳ್ಳ ಅಮಾವಾಸ್ಯೆ.

ಈ ಆಚರಣೆಯಲ್ಲಿ ನನ್ನನ್ನು ಬಹುಕಾಲದಿಂದ ಆಕರ್ಷಿಸಿದ ಸಂಗತಿಯೊಂದಿದೆ. ಚರಗ ಚೆಲ್ಲುವ ಹೊತ್ತಿಗೆ ಜೋಳ ಇನ್ನೂ ಹೊಲದಲ್ಲಿಯೇ ಇರುತ್ತದೆ. ಸುಗ್ಗಿಗೆ ಇನ್ನೂ ಒಂದೂವರೆ ಎರಡು ತಿಂಗಳ ಅವಧಿಯಿರುತ್ತದೆ. ಎಷ್ಟು ಚೀಲ ಬಂದೀತು, ಪೇಟೆಯಲ್ಲಿ ಯಾವ ದರ ಸಿಕ್ಕೀತು ಎಂಬುದು ಯಾರಿಗೂ ತಿಳಿಯದು. ಬರುವುದು ಕೈಗೆ ಬರುವ ಮೊದಲೇ ಕೊಡುವುದನ್ನು ಕೊಟ್ಟುಬಿಡುವ ಲೆಕ್ಕವಿದು. ಡಿಸೆಂಬರ್ 31ರ ರಾತ್ರಿ ನಾವು ಹಾಕುವ ಲೆಕ್ಕ ಇದಕ್ಕೆ ವಿರುದ್ಧವಾದುದು. ಏನು ಗಳಿಸಿದೆ, ಏನು ಕಳೆದೆ, ಏನು ಬಾಕಿ ಉಳಿಯಿತು ಎಂದು ನಾವು ಬೆರಳು ಮಡಿಸುತ್ತೇವೆ. ಕೊಟ್ಟದ್ದರ ಕಲಮು ಆ ಲೆಕ್ಕದಲ್ಲಿ ಬಹುಮಟ್ಟಿಗೆ ಇರುವುದೇ ಇಲ್ಲ.

ಊಟದ ನಂತರ ಹಿರಿಯ ರೈತರೊಬ್ಬರು ದಂಡೆಯವರೆಗೆ ಜೊತೆಗೆ ಬಂದರು. 1972ರ ಬರವನ್ನು ಕಂಡವರು. ಆಗ ಸರ್ಕಾರದ ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆದ ಕೈಗಳು ಅವರವು. ಈ ತಾಲೂಕಿನ ಹಿರಿಯರು ತಮ್ಮ ಆಯುಷ್ಯವನ್ನು ಅಳೆಯುವುದು ಆ ಬರದಿಂದಲೇ. ಮದುವೆಯಾದದ್ದು ಬರದ ಹಿಂದಿನ ವರ್ಷ, ಮಗ ಹುಟ್ಟಿದ್ದು ಬರದ ಮುಂದಿನ ವರ್ಷ ಎಂದು. ವಿಶಾಲವಾದ ನೀರನ್ನು ನೋಡಿ ನಾನು ಸಂತೋಷ ವ್ಯಕ್ತಪಡಿಸಿದಾಗ ಅವರು ನಕ್ಕು, “ನೀರು ನಿಂತೈತಿ ಅಂದ್ರ ಬೆಳಿ ಬಂತು ಅಂತ ತಿಳೀಬ್ಯಾಡ್ರಿ ಮಾಸ್ತರ. ಬಿಟ್ಟಾಗಷ್ಟೇ ಅದು ನೀರು. ನಿಂತಿದ್ದನ್ನ ಬಿಸಿಲು ಕುಡೀತೈತಿ” ಎಂದರು.

ಆ ಮಾತು ಜಲಾಶಯದ ಲೆಕ್ಕವನ್ನು ಪೂರ್ತಿಯಾಗಿ ಹೇಳುತ್ತದೆ. ಮಳೆಗಾಲದಲ್ಲಿ ತಾಲೂಕಿನ ಜನರೆಲ್ಲ ಕುರನೂರು ಶೇಕಡಾ ಎಷ್ಟು ತುಂಬಿತು ಎಂದು ವಿಚಾರಿಸುತ್ತಾರೆ. ಬೇಸಿಗೆಯಲ್ಲಿ ಕೇಳುವ ಪ್ರಶ್ನೆ ಬೇರೆ: ಬಿಡುವುದು ಯಾವಾಗ? ಇತ್ತೀಚಿನ ವರ್ಷಗಳಲ್ಲಿ ಏಕರುಖ ಏತ ನೀರಾವರಿಯ ಮೂಲಕ ಉಜನಿಯ ನೀರನ್ನೂ ಇತ್ತ ತರಲಾಗಿದೆ. ಉಜನಿಯಲ್ಲಿ ನಿಂತದ್ದು ಭೀಮೆಯ ನೀರು. ಬೋರಿ ಹರಿದು ಸೇರುವುದೂ ಭೀಮೆಯನ್ನೇ. ಪಡೆದ ನೀರು ಸುತ್ತಿ ಬಳಸಿ ತನ್ನ ಮೂಲಕ್ಕೆ ಹೋಗುತ್ತದೆ. ನಡುವೆ ಎಷ್ಟು ಹೊಲ, ಎಷ್ಟು ಬಾಯಿಗಳನ್ನು ಮುಟ್ಟಿತು ಎಂಬುದೊಂದೇ ಉಳಿಯುವ ಪ್ರಶ್ನೆ.

ನೀರು ಕಟ್ಟಿದವರ ಮಾತು ಬಂದಾಗ ಸೊಲ್ಲಾಪುರದವರಿಗೆ ಸಿದ್ಧರಾಮನ ನೆನಪಾಗದೆ ಇರದು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯೆಂಬ ಹೆಸರಿನ ಈ ಊರಿನಲ್ಲಿ ಗುಡಿ ಕಟ್ಟಿಸಿ, ಕೆರೆ ಅಗೆಸಿದ ಕರ್ಮಯೋಗಿ ಅವನು. ಶೂನ್ಯಸಂಪಾದನೆಯು ಹೇಳುವಂತೆ, ಕೆರೆಯ ಕೆಲಸ ಭರದಿಂದ ಸಾಗಿರುವಾಗ ಅಲ್ಲಮಪ್ರಭು ಅಲ್ಲಿಗೆ ಬಂದು ಅವನನ್ನು ವಡ್ಡನೆಂದು ಕರೆಯುತ್ತಾನೆ. ಕೆಲಸಗಾರರು ಸಿಟ್ಟಿಗೆದ್ದು ಕಲ್ಲೆಸೆಯುತ್ತಾರೆ. ಕೆರೆ ಕಟ್ಟುವುದು ತಪ್ಪೆಂದು ಅಲ್ಲಮನ ಅಭಿಪ್ರಾಯವಲ್ಲ. ಕಟ್ಟಿದ್ದನ್ನು ‘ನಾನು ಕಟ್ಟಿದೆ’ ಎಂದು ಲೆಕ್ಕವಿಡುವ ಮನಸ್ಸನ್ನು ಅವನು ಕೆಣಕಿದ. ಸಿದ್ಧರಾಮ ಮುಂದೆ ಕಲ್ಯಾಣಕ್ಕೆ ಹೋದ. ಕೆರೆ ಊರಿನವರಿಗೆ ಉಳಿಯಿತು. ಕೊಟ್ಟದ್ದೂ ಒಂದು ಜಮೆಯೇ ಎಂದು ಬೀಗುವವರಿಗೆ ಈ ಪ್ರಸಂಗವು ಎಚ್ಚರಿಕೆಯಾಗಿದೆ.

ಈ ಎರಡು ಮಾತುಗಳನ್ನು ಮುಂದಿಟ್ಟುಕೊಂಡು ನನ್ನ ಲೆಕ್ಕ ನೋಡಿಕೊಂಡೆ. ಈ ತಾಲೂಕಿನ ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಾಠ ಹೇಳಿದವನು ನಾನು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಗಡಿಯ ಈಚೆಗೆ ಉಳಿದೆವು. 1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟ ತಾಲೂಕನ್ನು ಕರ್ನಾಟಕಕ್ಕೆ ಸೇರಿಸುವಂತೆ ಶಿಫಾರಸು ಮಾಡಿತು. ಅದು ಕಾಗದದಲ್ಲಿಯೇ ಉಳಿಯಿತು. ಗಡಿಯ ಕಥೆ ಹೇಗಾದರೂ ಇರಲಿ, ಮನೆಯ ಮಾತು ಕನ್ನಡವಾಗಿಯೇ ಉಳಿಯಿತು. ಆದರೆ ಒಂದು ಕಾಲಕ್ಕೆ ಹಾಜರಿ ಪುಸ್ತಕದ ಹಾಳೆಯನ್ನು ತುಂಬುತ್ತಿದ್ದ ಹೆಸರುಗಳು ಈಗ ಅರ್ಧ ಹಾಳೆಗೇ ನಿಲ್ಲುತ್ತಿವೆ. ಮುಂದಿನ ಓದಿಗೆ, ನೌಕರಿಗೆ ಮರಾಠಿ, ಇಂಗ್ಲಿಷ್ ಬೇಕೇ ಬೇಕು. ಹೀಗಿರುವಾಗ ಮಕ್ಕಳನ್ನು ಬೇರೆಡೆ ಕಳಿಸುವ ತಂದೆತಾಯಿಗಳನ್ನು ದೂರಲಾಗದು. 2024ರ ಅಕ್ಟೋಬರ್ 3ರಂದು ಮರಾಠಿಗೆ ಶಾಸ್ತ್ರೀಯ ಭಾಷೆಯ ಮನ್ನಣೆ ದೊರೆತಾಗ ನಾನು ಮನಸಾರೆ ಹಿಗ್ಗಿದೆ. ಕನ್ನಡಕ್ಕೆ ಅದು ದೊರೆತದ್ದು 2008ರಲ್ಲಿ. ಎರಡು ಶಾಸ್ತ್ರೀಯ ಭಾಷೆಗಳ ನಡುವೆ ಬದುಕುವ ಭಾಗ್ಯ ನಮ್ಮದು. ಆದರೆ ಮನ್ನಣೆಯೂ ತುಂಬಿ ನಿಂತ ನೀರಿನಂತೆಯೇ. ಮಕ್ಕಳ ಬಾಯಿಗೆ, ಕೈಗೆ ಹರಿಯದಿದ್ದರೆ ಅದು ಬಿಸಿಲಿನ ಪಾಲು.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡವನ್ನು ಆಮೇಲೆ ಸ್ವಂತ ಪರಿಶ್ರಮದಿಂದ ಕಲಿತು, ಸಿದ್ಧರಾಮನ ಚರಿತ್ರೆಯನ್ನು ಕಾವ್ಯವಾಗಿ ಬರೆದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷತೆ ವಹಿಸಿದ ಮೊದಲ ಮಹಿಳೆಯಾದರು. ಶಾಲೆಯಲ್ಲಿ ಸಿಗದ ಅಕ್ಷರ ಆಮೇಲೂ ಸಿಗಬಹುದೆಂಬುದಕ್ಕೆ ನಮ್ಮ ಊರಿನದೇ ಸಾಕ್ಷಿಯಿದು.

ಪುಣೆಯಲ್ಲಿರುವ ಮೊಮ್ಮಗಳು ಹಬ್ಬಕ್ಕೆ ಬಂದಿದ್ದಳು. ಕನ್ನಡ ಮಾತನಾಡುತ್ತಾಳೆ, ಓದಲು ಬರುವುದಿಲ್ಲ. 31ರ ಮಧ್ಯಾಹ್ನ ಅವಳನ್ನು ದಂಡೆಗೆ ಕರೆದೊಯ್ದು, ಮರಳಿನ ಮೇಲೆ ಕಡ್ಡಿಯಿಂದ ‘ಕುರನೂರ’ ಎಂದು ಬರೆದೆ. ಸ್ವಲ್ಪ ಹೊತ್ತು ನೋಡಿ, “ಅಜ್ಜಾ, ಎರಡನೇದೂ ಕಡೀದೂ ಒಂದೇ ಅಕ್ಷರ ಅದಲ್ಲ?” ಎಂದಳು. ಹೌದೆಂದೆ. ಆ ‘ರ’ವನ್ನು ತಾನೇ ನಾಲ್ಕಾರು ಸಲ ತಿದ್ದಿದಳು. ತನ್ನ ಹೆಸರಿನಲ್ಲಿಯೂ ಅದು ಇದೆಯೆಂದು ತಿಳಿದಾಗ ಮುಖ ಅರಳಿತು. ಸಂಜೆಯವರೆಗೆ ಐದು ಅಕ್ಷರಗಳಾದವು.

ಎರಡು ವಾರಕ್ಕೆ ಸಂಕ್ರಾಂತಿ. ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗಡ್ಡಾ ಜಾತ್ರೆ, ನಂದಿಧ್ವಜಗಳ ಮೆರವಣಿಗೆ, ಅಕ್ಷತೆಯ ಸಮಾರಂಭ. ಅದಕ್ಕೆ ಮತ್ತೆ ಬರುವುದಾಗಿ ಅವಳು ಹೇಳಿದ್ದಾಳೆ. ಬರುವಾಗ ಒಂದು ಪಾಟಿ, ಬಳಪ ತರಲು ಹೇಳಿ ಕಳಿಸಿದ್ದೇನೆ. ಇನ್ನುಳಿದ ಅಕ್ಷರಗಳು ಬಹಳ ಇವೆ. ಹೊಸ ವರ್ಷದಲ್ಲಿ ದಿನಗಳೂ ಇವೆ.