ನಸೀಮ್ ಬಾಗಿನ ಒಂದು ಎಲೆ

ಶ್ರೀನಗರದ ದಾಲ್ ಸರೋವರದ ಬಳಿ ನಸೀಮ್ ಬಾಗ್ ಅಂತ ಮೊಘಲರ ಕಾಲದ ಚಿನಾರ್ ತೋಪಿದೆ. ಈಗದು ಕಾಶ್ಮೀರ ವಿಶ್ವವಿದ್ಯಾಲಯದ ಆವರಣ. ಅಕ್ಟೋಬರ್ ಕೊನೆಯಲ್ಲಿ ಹೋಗಿದ್ದೆವು. ಅಲ್ಲಿಯವರು ಈ ಕಾಲವನ್ನು ‘ಹರುದ್’ ಎನ್ನುತ್ತಾರೆ. ಚಳಿಗೆ ಎಲೆಯ ಹಸಿರು ಕರಗಿ ಮೊದಲು ಹಳದಿ, ಆಮೇಲೆ ಕೆಂಪು!

ಮಂಡಿನೋವಿನಿಂದ ಬರಲಾರದ ಅಕ್ಕ, “ನನಗೂ ಒಂಚೂರು ತೋರಿಸೇ” ಎಂದಿದ್ದಳು. ಮೊದಲ ದಿನ ಇಡೀ ಮರಗಳ ಫೋಟೋ ತೆಗೆದು ಫೋನಿನಲ್ಲೇ ಕಳಿಸಿದೆ. “ಬರೀ ಬಿಳೀ ಆಕಾಶ, ಮರ ಎಲ್ಲೇ?” ಅಂದಳು.

ಮರುದಿನ ಬೆಳಿಗ್ಗೆ ಸೆರಗು ಸಿಕ್ಕಿಸಿ ನೆಲಕ್ಕೆ ಕೂತೇಬಿಟ್ಟೆ. ಆಕಾಶವನ್ನು ಪೂರ್ತಿ ಬಿಟ್ಟು, ಒಣಹುಲ್ಲಿನ ಎಸಳುಗಳಿಗೆ ಸಿಕ್ಕಿ ನಿಂತಿದ್ದ ಒಂದೇ ಎಲೆ ಆರಿಸಿದೆ. ಬಿಸಿಲು ಎಲೆಯ ಹಿಂದಿನಿಂದ ಬರುವಂತೆ ತಿರುಗಿದರೆ, ನರನರವೂ ದೀಪ ಹಚ್ಚಿದಂತೆ ಕಂಡಿತು. ಅಡ್ಡ ಬಂದ ಕಡ್ಡಿ ಸರಿಸಿ, ಗಾಳಿ ನಿಲ್ಲುವ ತನಕ ಕಾದು ಗುಂಡಿ ಒತ್ತಿದೆ.

ಅಕ್ಕನ ಉತ್ತರ ಬಂತು: “ಅಂಚಲ್ಲಿ ಹುಳ ತಿಂದಿದೆ ಕಣೇ. ನಿನ್ನ ಪಕ್ಕದಲ್ಲೇ ಕೂತ ಹಾಗಾಯ್ತು.”

ಸೋದರಿಯರೇ, ಇದಕ್ಕೆ ಕಾಶ್ಮೀರವೇ ಆಗಬೇಕೆಂದಿಲ್ಲ. ಚಳಿಗಾಲದಲ್ಲಿ ನಮ್ಮ ಹಿತ್ತಿಲ ಕಾಡುಬಾದಾಮಿ ಎಲೆಯೂ ಕೆಂಪಾಗಿಯೇ ಉದುರುತ್ತದೆ. ಗುಡಿಸುವ ಮೊದಲು ಒಂದು ಗಳಿಗೆ ಪಕ್ಕ ಕೂತು ನೋಡಿ.