ಗಾಜಿನ ಕೊಳವೆಯೊಳಗಿನ ಬಣ್ಣದ ಗೆರೆ

ಎಂಜಿನಿಯರಿಂಗ್ ಓದಿದ ಹಲವರಿಗೆ ಹೈಡ್ರಾಲಿಕ್ಸ್ ಲ್ಯಾಬಿನ ಒಂದು ಮಧ್ಯಾಹ್ನ ನೆನಪಿರುತ್ತದೆ. ನೀರು ತುಂಬಿದ ತೊಟ್ಟಿ, ಅದರಿಂದ ಹೊರಟ ಗಾಜಿನ ಕೊಳವೆ, ಕೊಳವೆಯ ಬಾಯಿಗೆ ಸಣ್ಣ ನಳಿಕೆಯಿಂದ ಇಳಿಯುವ ಬಣ್ಣ. ನಲ್ಲಿಯನ್ನು ಕೊಂಚ ತಿರುಗಿಸಿದರೆ ಬಣ್ಣ ದಾರದಂತೆ ನೇರವಾಗಿ ಸಾಗುತ್ತದೆ. ಇನ್ನಷ್ಟು ತಿರುಗಿಸಿದರೆ ದಾರ ನಡುಗುತ್ತದೆ, ಬಳುಕುತ್ತದೆ, ಇದ್ದಕ್ಕಿದ್ದಂತೆ ಚದುರಿ ನೀರಿನಲ್ಲಿ ಬೆರೆತುಹೋಗುತ್ತದೆ. ಅದು ಚದುರಿದ ಕ್ಷಣದ ರೆನಾಲ್ಡ್ಸ್ ಸಂಖ್ಯೆ ಎಷ್ಟು? ಉತ್ತರ ಎಲ್ಲರಿಗೂ ಮೊದಲೇ ಗೊತ್ತು: ಸುಮಾರು 2000.

ಈ ಉಪಕರಣದ ಮೂಲಪ್ರತಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಇದೆ. ಆಸ್ಬರ್ನ್ ರೆನಾಲ್ಡ್ಸ್ 1868ರಲ್ಲಿ ಅಲ್ಲಿನ ಓವೆನ್ಸ್ ಕಾಲೇಜಿಗೆ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿ ಬಂದರು. 1883ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ತೊಟ್ಟಿಯ ಅಳತೆಯೂ ಸಿಗುತ್ತದೆ: ಆರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ. ಒಳಗೆ ಸುಮಾರು ಐದಡಿ ಉದ್ದದ ಗಾಜಿನ ಕೊಳವೆ, ಅದರ ತುದಿಗೆ ಕಹಳೆಯ ಬಾಯಿ. ನೀರು ತಡವರಿಸದೆ ಒಳಗೆ ಹೋಗಲೆಂದು ಆ ಆಕಾರ. ಬಣ್ಣ ಚದುರಿದಾಗ ವಿದ್ಯುತ್ ಕಿಡಿಯ ಬೆಳಕಿನಲ್ಲಿ ನೋಡಿದರೆ, ಕಲಸಿಹೋದಂತೆ ಕಂಡದ್ದು ಸ್ಪಷ್ಟವಾದ ಸುಳಿಗಳಾಗಿ ಬಿಡಿಬಿಡಿಯಾಗಿ ಕಾಣುತ್ತಿತ್ತು.

ನೀರಿನ ವೇಗ, ಕೊಳವೆಯ ವ್ಯಾಸ, ನೀರಿನ ಸಾಂದ್ರತೆ, ಇವು ಮೂರನ್ನೂ ಗುಣಿಸಿ ಸ್ನಿಗ್ಧತೆಯಿಂದ ಭಾಗಿಸಿದರೆ ಸಿಗುವುದೇ ಆ ಸಂಖ್ಯೆ. ಆದರೆ ಗಾಜಿನ ಕೊಳವೆಯಲ್ಲಿ ರೆನಾಲ್ಡ್ಸ್ ಅವರಿಗೆ ಸಿಕ್ಕಿದ್ದು 2000 ಅಲ್ಲ, ಸುಮಾರು 13,000. ತೊಟ್ಟಿಯ ನೀರು ಪೂರ್ತಿ ತಣ್ಣಗೆ ನಿಲ್ಲುವವರೆಗೆ ಅವರು ಕಾಯುತ್ತಿದ್ದರು. ನೀರಿನಲ್ಲಿ ಅಲುಗಾಟ ಇದ್ದಷ್ಟೂ ಗೆರೆ ಬೇಗ ಚದುರುತ್ತದೆ ಎಂಬುದನ್ನು ಗುರುತಿಸಿದವರೂ ಅವರೇ. 2000ದ ಆಸುಪಾಸಿನ ಅಂಕಿ ಬಂದದ್ದು ಲೋಹದ ಕೊಳವೆಗಳ ಇನ್ನೊಂದು ಪ್ರಯೋಗದಿಂದ. ಅದು ಕೆಳಗಿನ ಗಡಿ. ಅದಕ್ಕಿಂತ ಕೆಳಗೆ ನೀರನ್ನು ಎಷ್ಟೇ ಕಲಕಿದರೂ ಹರಿವು ಮತ್ತೆ ನೇರವಾಗುತ್ತದೆ. ಅದರ ಮೇಲೆ ಗೆರೆ ಎಲ್ಲಿಯವರೆಗೆ ಉಳಿಯುತ್ತದೆ ಎಂಬುದು ತೊಟ್ಟಿಯ ನೀರು ಎಷ್ಟು ನಿಶ್ಚಲ ಎನ್ನುವುದರ ಮೇಲೆ ನಿಂತಿದೆ.

ಸುಮಾರು ನೂರು ವರ್ಷದ ನಂತರ ಮ್ಯಾಂಚೆಸ್ಟರಿನಲ್ಲೇ, ಅದೇ ಹಳೆಯ ಉಪಕರಣದಲ್ಲಿ, ಪ್ರಯೋಗವನ್ನು ಮತ್ತೆ ಮಾಡಿ ಚಿತ್ರ ತೆಗೆದರು. ಗೆರೆ ನೇರವಾಗಿ ಸಾಗಿತು, ಬಳುಕಿತು, ಚದುರಿತು. ಆದರೆ 13,000 ಮುಟ್ಟಲಿಲ್ಲ, ಅದಕ್ಕಿಂತ ಮೊದಲೇ ಚದುರಿತು. ತೊಟ್ಟಿ ಬದಲಾಗಿರಲಿಲ್ಲ, ಕೊಳವೆ ಬದಲಾಗಿರಲಿಲ್ಲ. ಬದಲಾಗಿದ್ದು ಹೊರಗಿನ ರಸ್ತೆ. ಕುದುರೆಗಾಡಿಗಳ ಕಾಲ ಮುಗಿದು ಮೋಟಾರು ವಾಹನಗಳು ಬಂದಿದ್ದವು. ಅವುಗಳ ಅದುರು ನೆಲದಿಂದ ಗೋಡೆಗೆ, ಗೋಡೆಯಿಂದ ನೀರಿಗೆ ತಲುಪುತ್ತಿತ್ತು.

ಆ ಉಪಕರಣವನ್ನು ಗುಜರಿಗೆ ಹಾಕಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಹೊಸ ತೊಟ್ಟಿಯಲ್ಲಿ ಕಡಿಮೆ ಅಂಕಿ ಬಂದಿದ್ದರೆ ತಪ್ಪು ತೊಟ್ಟಿಯದು ಎನ್ನುತ್ತಿದ್ದರು. ಹಳೆಯದು ಇದ್ದುದರಿಂದಲೇ ಊರು ಬದಲಾದದ್ದು ನೀರಿನಲ್ಲಿ ಕಂಡಿತು.

ಇನ್ನು ನಮ್ಮ ಕಾಲೇಜುಗಳ ಲ್ಯಾಬಿನ ಮಾತು. ಗೆರೆ 3,400ರವರೆಗೆ ಚದುರದೆ ಉಳಿಯಿತು ಎಂದಿಟ್ಟುಕೊಳ್ಳಿ. ವಿದ್ಯಾರ್ಥಿ ಗಾಬರಿಯಾಗುತ್ತಾನೆ. ನಾಳೆ ಎಕ್ಸ್‌ಟರ್ನಲ್ ಬರುತ್ತಾರೆ. ರಬ್ಬರ್ ತೆಗೆದು ರೀಡಿಂಗನ್ನು 2,100ಕ್ಕೆ ಇಳಿಸುತ್ತಾನೆ. ಅಂಕಗಳೂ ಬರುತ್ತವೆ. ಆ ಮಧ್ಯಾಹ್ನ ಪಂಪ್ ನಿಂತಿತ್ತು, ಪಕ್ಕದ ವರ್ಕ್‌ಶಾಪಿಗೆ ರಜೆ ಇತ್ತು, ತೊಟ್ಟಿಯ ನೀರು ಚೆನ್ನಾಗಿ ತಣಿದಿತ್ತು ಎಂದು ಹೇಳಬಲ್ಲ ಒಂದೇ ಸಾಕ್ಷಿ ಆ ಅಳಿಸಿದ ಅಂಕಿಯಾಗಿತ್ತು.