ಟೆನ್ಸೆಂಟ್ ಪಹಣಿ ಯಾರ ಹೆಸರಿನಲ್ಲಿ?

ಬೆಳಗ್ಗೆ ಏಳು ಗಂಟೆ

ಡೇರಿಗೆ ಹಾಲು ಹಾಕಿ ಬಂದೆ. ಬೆಂಗಳೂರಿನಿಂದ ರಜೆಗೆ ಬಂದಿರುವ ಅಳಿಯ, ನನ್ನ ತಂಗಿಯ ಮಗ, ಜಗಲಿ ಮೇಲೆ ಕೂತು ಫೋನನ್ನೇ ದಿಟ್ಟಿಸುತ್ತಿದ್ದಾನೆ. ಪಕ್ಕದಲ್ಲಿ ಕಾಫಿ ಆರಿ ಕೆನೆ ಕಟ್ಟಿದೆ. ಏನಪ್ಪಾ ಅಂದರೆ "ಮಾರ್ಕೆಟ್ ಓಪನ್ ಆಯ್ತು ಮಾವ" ಎಂದ. ಈ ಹೊತ್ತಿಗೆ ಯಾವ ಮಾರ್ಕೆಟ್ಟು? ಹಾಂಗ್‌ಕಾಂಗಂತೆ. ಅಲ್ಲಿ ಒಂಬತ್ತೂವರೆ ಹೊಡೆದಾಗ ನಮ್ಮೂರು ಹೊನ್ನೂರಿನಲ್ಲಿ ಏಳು. ನಾವು ಊಟಕ್ಕೆ ಕೂರುವ ಒಂದೂವರೆಗೆಲ್ಲ ಅಲ್ಲಿ ಬಾಗಿಲು ಹಾಕಿಕೊಂಡು ಹೋಗುತ್ತಾರೆ.

ಆದರೆ ಇವನು ಅಲ್ಲಿ ಕೊಳ್ಳುವುದಿಲ್ಲ. ಮುಂಬೈಯಲ್ಲಿ ಚೀನಾದ ಷೇರುಗಳನ್ನು ಒಂದು ಗಂಟು ಕಟ್ಟಿ, ಗಂಟಿನ ಚೂರುಗಳನ್ನು ಮಾರುತ್ತಾರೆ. ಅದನ್ನು ಕೊಳ್ಳುತ್ತಾನೆ. ಈ ಬಗೆಯದು 2010ರಿಂದಲೂ ಇದೆ, ಹೆಸರು ಹ್ಯಾಂಗ್ ಸೆಂಗ್ ಬೀಸ್. ಬೀಸ್ ಅಂದರೆ ಬೆಟ್ಟದ ಸೋಲಿಗರು ಇಳಿಸುವ ಜೇನಿನ ನೊಣ ಅಂದುಕೊಂಡಿದ್ದೆ. ಅಲ್ಲವಂತೆ, ಅದೇನೋ ಇನಿಶಿಯಲ್ಲು.

ಮುಂಬೈ ಮಾರುಕಟ್ಟೆ ನಡೆಯುವುದು ಮೂರೂವರೆವರೆಗೆ. ಹಾಗಾದರೆ ಒಂದೂವರೆಯಿಂದ ಮೂರೂವರೆತನಕ, ಹಾಂಗ್‌ಕಾಂಗಿನವರು ಬೀಗ ಹಾಕಿಕೊಂಡು ಹೋದ ಮೇಲೆ, ಇವರು ಯಾವ ಬೆಲೆ ನೋಡಿ ಕೊಳ್ಳುತ್ತಾರೆ? ಕೇಳಿದೆ. "ಅಂದಾಜು ಮಾವ" ಎಂದ.

ಬಸ್ಸಿನ ಟವಲು

ಇನ್ನೊಂದು ಅರ್ಥವಾಗದ್ದು. ಗಂಟಿನೊಳಗಿನ ಷೇರುಗಳ ನಿಜವಾದ ಬೆಲೆ ಒಂದು ಕಡೆ ತೋರಿಸುತ್ತದೆ. ಮಾರಾಟದ ಬೆಲೆ ಪಕ್ಕದಲ್ಲೇ ಇದೆ, ಅದಕ್ಕಿಂತ ಜಾಸ್ತಿ. ಗೊತ್ತಿದ್ದೂ ಗೊತ್ತಿದ್ದೂ ಜನ ಹೆಚ್ಚು ಕೊಟ್ಟು ಕೊಳ್ಳುತ್ತಿದ್ದಾರೆ.

ಕಾರಣ ಕೇಳಿದ್ದಕ್ಕೆ ಹೇಳಿದ: ನಮ್ಮ ದೇಶದ ಮ್ಯೂಚುವಲ್ ಫಂಡುಗಳೆಲ್ಲ ಸೇರಿ ಹೊರದೇಶದ ಷೇರಿಗೆ ಹಾಕಬಹುದಾದ ಹಣಕ್ಕೆ 700 ಕೋಟಿ ಡಾಲರಿನ ಮಿತಿ ಇದೆ. 2022ರ ಮೊದಲಿಗೇ ಅದು ತುಂಬಿಹೋಯಿತು. ಹೊಸ ಗಂಟು ಕಟ್ಟಲು ತಡೆ ಬಿತ್ತು. ಇರುವ ಚೂರುಗಳನ್ನೇ ಕೈಯಿಂದ ಕೈಗೆ ಮಾರಬೇಕು. ಕೇಳುವವರು ಹೆಚ್ಚಾದಾಗ ಬೆಲೆ ಉಬ್ಬುತ್ತದೆ.

ಇದು ಮಾತ್ರ ನನಗೆ ಚೆನ್ನಾಗಿ ತಿಳಿಯಿತು. ಅಮಾವಾಸ್ಯೆ ದಿನ ಕೊಳ್ಳೇಗಾಲದಲ್ಲಿ ಮಾದಪ್ಪನ ಬೆಟ್ಟದ ಬಸ್ಸು ಬಂದು ನಿಂತಾಗ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿಯುತ್ತಾರಲ್ಲ, ಅದೇ. ಟಿಕೆಟ್ಟಿನ ದರ ಬೇರೆ, ಟವಲಿನ ದರ ಬೇರೆ. ಬಸ್ಸು ಇಳಿಯುವಾಗ ಟವಲಿಗೆ ಯಾರೂ ಕಾಸು ಕೊಡುವುದಿಲ್ಲ ಎಂದೆ. ಅಳಿಯ ನಗಲಿಲ್ಲ.

ಭಾವನ ಪ್ರಶ್ನೆ

ಚೀನಾ ಅಂದರೆ ಈ ಸೀಮೆಯವರಿಗೆ ಮೊದಲಿನಿಂದ ಒಂದೇ ಅರ್ಥ, ರೇಷ್ಮೆ ನೂಲು. ಕೊಳ್ಳೇಗಾಲ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲೂ ಅಲ್ಲಿ ಹುಳ ಸಾಕುತ್ತಿದ್ದರು, 1956ರಲ್ಲಿ ಮೈಸೂರಿಗೆ ಸೇರಿದ ಮೇಲೂ ಸಾಕಿದರು. 2011ರ ಬಜೆಟ್ಟಿನಲ್ಲಿ ಹೊರಗಿನಿಂದ ಬರುವ ಕಚ್ಚಾ ರೇಷ್ಮೆಯ ಸುಂಕ ಶೇ 30ರಿಂದ ಒಮ್ಮೆಗೇ ಶೇ 5ಕ್ಕೆ ಇಳಿಯಿತು. ಗೂಡಿನ ಬೆಲೆ ಕುಸಿದು ಕೂತಿತು. 2013ರಲ್ಲಿ ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಿದರು. ಅಷ್ಟರಲ್ಲಿ ನೂಲು ಬಿಚ್ಚುತ್ತಿದ್ದ ನಮ್ಮ ಭಾವ ಚರಕಗಳನ್ನು ಗುಜರಿಗೆ ಹಾಕಿಯಾಗಿತ್ತು. ಗೂಡು ಬೇಯಿಸುತ್ತಿದ್ದ ಬಾಣಲೆ ಒಂದು ಉಳಿದಿದೆ, ಅದರಲ್ಲಿ ಈಗ ಎಮ್ಮೆಗೆ ಕಲಗಚ್ಚು.

ಆ ಭಾವನೇ ಸಂಜೆ ಬಂದಿದ್ದರು. ಅಳಿಯ ಚೀನಾಕ್ಕೆ ದುಡ್ಡು ಹಾಕಿದ್ದಾನೆ ಎಂದು ಹೇಳಿದೆ, ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ಪಾಣಿ ಯಾರ ಹೆಸರಲ್ಲದ ಅಂತ ಕೇಳು ಮೊದ್ಲು" ಎಂದರು.

ಕೇಳಿದೆವು. ಅಳಿಯ ತಲೆ ಕೆರೆದುಕೊಂಡ. ಗಂಟಿನಲ್ಲಿರುವ ದೊಡ್ಡ ಕಂಪನಿ ಟೆನ್ಸೆಂಟ್. ಆಟಗಳ ವ್ಯಾಪಾರದಲ್ಲಿ ಜಗತ್ತಿಗೇ ದೊಡ್ಡದು, ಮೊಬೈಲಿನ ಪಬ್‌ಜಿ ಮಾಡಿದವರು. ಆದರೆ ಚೀನಾದ ಕಾನೂನಿನಲ್ಲಿ ಇಂಥ ಇಂಟರ್‌ನೆಟ್ ವ್ಯಾಪಾರವನ್ನು ಹೊರಗಿನವರು ನೇರವಾಗಿ ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಕೇಮನ್ ಎಂಬ ದ್ವೀಪದಲ್ಲಿ ಒಂದು ಕಂಪನಿ ನೋಂದಾಯಿಸಿದ್ದಾರೆ. ಹಾಂಗ್‌ಕಾಂಗಿನಲ್ಲಿ ಮಾರುವುದು ಅದರ ಷೇರು. ಚೀನಾದೊಳಗೆ ಲೈಸೆನ್ಸು ಇಟ್ಟುಕೊಂಡ ಕಂಪನಿಗಳು ಬೇರೆ, ಚೀನೀಯರದೇ ಹೆಸರಿನಲ್ಲಿವೆ. ಎರಡರ ನಡುವೆ ಲಾಭ ಇಂತಿಷ್ಟು, ಹಿಡಿತ ಇಂತಿಷ್ಟು ಎಂಬ ಕರಾರು.

"ಅಂದ್ರ ಭೋಗ್ಯ ಅನ್ನು" ಎಂದರು ಭಾವ. ಪಹಣಿಯಲ್ಲಿ ಹೆಸರಿಲ್ಲ, ಬೆಳೆ ಮಾತ್ರ ನಮ್ಮದು. ಭೋಗ್ಯ ಆದರೂ ರಿಜಿಸ್ಟರ್ ಆಗಿರುತ್ತಪ್ಪ ಎಂದೆ ನಾನು. ಇದಕ್ಕೆ ಅಲ್ಲಿನ ಸರ್ಕಾರ ಇಷ್ಟು ವರ್ಷ ಸುಮ್ಮನಿದೆ, ಅಷ್ಟೇ ಆಧಾರ.

ವಿಭೂತಿ

ಪಕ್ಕದ ಮನೆಯ ಹುಡುಗ, ಒಂಬತ್ತನೇ ಕ್ಲಾಸು. ಫೋನಿನ ಗಾಜು ಒಡೆದು ಜೇಡರ ಬಲೆಯಾಗಿದೆ. ಆಟಕ್ಕೆ ಕೂರುವ ಮುಂಚೆ ದೇವರ ಗೂಡಿಗೆ ಹೋಗಿ ವಿಭೂತಿ ತಂದ. ಭಕ್ತಿ ಅಂದುಕೊಂಡೆ. ಎರಡು ಹೆಬ್ಬೆರಳಿಗೂ ತಿಕ್ಕಿಕೊಂಡ. ಬೆವರಿದರೆ ಬೆರಳು ಗಾಜಿನ ಮೇಲೆ ಜಾರುವುದಿಲ್ಲವಂತೆ, ಜಾರದಿದ್ದರೆ ಗುರಿ ತಪ್ಪುತ್ತಂತೆ.

ಫ್ರೀ ಫೈರ್ ಮ್ಯಾಕ್ಸ್. ಐವತ್ತು ಜನ ವಿಮಾನದಿಂದ ಬರ್ಮುಡಾ ಎಂಬ ದ್ವೀಪಕ್ಕೆ ಧುಮುಕಿ, ಬಂದೂಕು ಹುಡುಕಿಕೊಂಡು, ಒಬ್ಬರನ್ನೊಬ್ಬರು ಕೊಲ್ಲುತ್ತ ಹೋಗಬೇಕು. ಕೊನೆಗೆ ಉಳಿದವನಿಗೆ "ಬೂಯಾ" ಎಂದು ಬರುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಮುಗಿಯಿತು. ಆಟಕ್ಕೆ ಕಾಸಿಲ್ಲ. ಕಾಸು ಬಂದೂಕಿನ ಬಟ್ಟೆಗೆ! ಸ್ಕಿನ್ ಅಂತಾರೆ. ಡೈಮಂಡ್ ಕೊಂಡು, ಡೈಮಂಡ್ ಕೊಟ್ಟು ಸ್ಕಿನ್ ತೊಡಿಸಬೇಕು. ಅವರಮ್ಮನ ಫೋನ್‌ಪೇಯಿಂದ ಡೈಮಂಡ್ ಹಾಕಿಸಿಕೊಂಡು ಒಮ್ಮೆ ಪೆಟ್ಟು ತಿಂದಿದ್ದಾನೆ. ಸ್ಕಿನ್ ತೋರಿಸಿದ: ಕೆಂಡದ ಬಣ್ಣದ ಡ್ರ್ಯಾಗನ್, ಗುಂಡು ಹಾರಿದಾಗ ಅದರ ಬಾಯಿ ಹೊಳೆಯುತ್ತದೆ. ಚೆನ್ನಾಗಿಯೇ ಇದೆ, ಸುಳ್ಳು ಹೇಳಬಾರದು.

ಈ ಆಟ ಸಿಂಗಪುರದ ಸೀ ಎಂಬ ಕಂಪನಿಯದು. ಅದರಲ್ಲಿ ಟೆನ್ಸೆಂಟಿನ ಪಾಲಿದೆ. ಅಂದರೆ ಹುಡುಗ ಕಟ್ಟಿದ ಕಾಸಿನ ಯಾವುದೋ ಒಂದು ಪುಡಿ ಸಿಂಗಪುರಕ್ಕೆ ಹೋಗಿ, ಅಲ್ಲಿಂದ ಟೆನ್ಸೆಂಟಿನ ಲೆಕ್ಕಕ್ಕೆ ಸೇರಿ, ಮುಂಬೈಯ ಗಂಟಿನ ಮೂಲಕ ಗೋಡೆಯಾಚೆ ಮಲಗಿರುವ ನಮ್ಮ ಅಳಿಯನ ಲಾಭವಾಗಬೇಕು. ನಡುವೆ ಇರುವುದು ಒಂದೇ ಗೋಡೆ. ಆ ಹುಡುಗನೇ ಬಂದು ಇವನ ಕೈಗೆ ಕೊಟ್ಟಿದ್ದರೆ ಖರ್ಚು ಉಳಿಯುತ್ತಿತ್ತು.

14 ಫೆಬ್ರುವರಿ 2022

ಈ ತಾರೀಖಿನ ಕೆಳಗೆ ಗೆರೆ ಎಳೆದಿಟ್ಟಿದ್ದೇನೆ. ಅಂದು ದೆಹಲಿಯ ಸರ್ಕಾರ ಚೀನಾ ನಂಟಿನ ಕಾರಣಕ್ಕೆ ಫ್ರೀ ಫೈರ್ ಸೇರಿ 54 ಆ್ಯಪ್‌ಗಳನ್ನು ನಿಷೇಧಿಸಿತು. ನ್ಯೂಯಾರ್ಕಿನಲ್ಲಿ ಸೀ ಕಂಪನಿಯ ಮೌಲ್ಯ ಒಂದೇ ದಿನ ಸುಮಾರು 1,600 ಕೋಟಿ ಡಾಲರ್ ಕರಗಿತು. ಆಗಿನ ದರದಲ್ಲಿ 1.2 ಲಕ್ಷ ಕೋಟಿ ರೂಪಾಯಿ. ಆ ವರ್ಷದ ಕರ್ನಾಟಕದ ಬಜೆಟ್ 2.65 ಲಕ್ಷ ಕೋಟಿ. ನಮ್ಮ ಸರ್ಕಾರಕ್ಕೆ ಐದಾರು ತಿಂಗಳು ಸಂಬಳ, ರಸ್ತೆ, ಪಡಿತರ ಎಲ್ಲಕ್ಕೂ ಆಗುವಷ್ಟು ದುಡ್ಡು ಸಂಜೆಯೊಳಗೆ ಇಲ್ಲವಾಯಿತು. ಎಲ್ಲಿಗೆ ಹೋಯಿತು ಎಂದರೆ ಎಲ್ಲಿಗೂ ಹೋಗಲಿಲ್ಲ, ಇರಲೇ ಇಲ್ಲ ಅನ್ನುತ್ತಾನೆ ಅಳಿಯ.

ಅದೇ ದಿನ ನಮ್ಮ ಹೈಕೋರ್ಟ್ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ ರಾಜ್ಯ ಹಾಕಿದ್ದ ನಿಷೇಧವನ್ನು ತೆಗೆದುಹಾಕಿತು. ಒಂದು ಕಡೆ ಬಾಗಿಲು ಮುಚ್ಚಿತು, ಇನ್ನೊಂದು ಕಡೆ ತೆರೆಯಿತು. 2025ರ ಆಗಸ್ಟ್‌ನಲ್ಲಿ ದುಡ್ಡಿನ ಆಟಗಳಿಗೆ ಸಂಸತ್ತೇ ಬೀಗ ಹಾಕಿತು.

ಫ್ರೀ ಫೈರ್ ಹೋಯಿತು, ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. ಹುಡುಗನನ್ನು ಕೇಳಿದೆ, ಎರಡಕ್ಕೂ ಏನೋ ವ್ಯತ್ಯಾಸ? "ಮ್ಯಾಕ್ಸ್‌ನಲ್ಲಿ ಹುಲ್ಲು ಚೆನ್ನಾಗಿ ಕಾಣ್ತದ ಮಾಮ."

ಒಂದು ಗಂಟೆ

2021ರ ಆಗಸ್ಟ್‌ನಲ್ಲಿ ಚೀನಾದ ಸರ್ಕಾರಿ ಪತ್ರಿಕೆಯೊಂದು ಆನ್‌ಲೈನ್ ಆಟಗಳನ್ನು ಮನಸ್ಸಿನ ಅಫೀಮು ಎಂದು ಬರೆಯಿತು. ಅಂದು ಟೆನ್ಸೆಂಟ್ ಷೇರು ಒಂದು ಹಂತದಲ್ಲಿ ಶೇ 10ಕ್ಕೂ ಹೆಚ್ಚು ಬಿತ್ತು. ತಿಂಗಳ ಕೊನೆಗೆ ಅಪ್ಪಣೆ: ಹದಿನೆಂಟರ ಒಳಗಿನವರು ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ಮಾತ್ರ, ರಾತ್ರಿ ಎಂಟರಿಂದ ಒಂಬತ್ತು, ಒಂದು ಗಂಟೆ ಆಡಬಹುದು.

2023ರ ಡಿಸೆಂಬರ್ 22ರಂದು, ದಿನಾ ಬಂದು ಆಡಿದವರಿಗೆ ಬಹುಮಾನ ಕೊಟ್ಟು ಖರ್ಚು ಮಾಡಿಸಬಾರದು ಎಂಬ ಕರಡು ನಿಯಮ ಬಂತು. ಟೆನ್ಸೆಂಟ್ ಶೇ 12, ಅಲ್ಲಿನ ಇನ್ನೊಂದು ಆಟದ ಕಂಪನಿ ನೆಟ್‌ಈಸ್ ಸುಮಾರು ಶೇ 25 ಕುಸಿದವು. ಷೇರು ಬಿದ್ದದ್ದು ಕಂಡು ಸರ್ಕಾರವೇ ಬೆಚ್ಚಿತೋ ಏನೋ, ಮುಂದಿನ ತಿಂಗಳು ಆ ಕರಡು ವೆಬ್‌ಸೈಟಿನಿಂದಲೇ ಮಾಯ. ಅಳಿಯ ಕೊಂಡದ್ದು ಆ ಬಿದ್ದ ವಾರದಲ್ಲಿ. ಅವನ ಪ್ರಕಾರ ಅದು ಧೈರ್ಯ. 2001ರಲ್ಲಿ ದಕ್ಷಿಣ ಆಫ್ರಿಕಾದ ಪತ್ರಿಕಾ ಕಂಪನಿ ನ್ಯಾಸ್ಪರ್ಸ್ ಮೂರೂ ಚಿಲ್ಲರೆ ಕೋಟಿ ಡಾಲರಿಗೆ ಟೆನ್ಸೆಂಟಿನ ಹತ್ತಿರಹತ್ತಿರ ಅರ್ಧ ಪಾಲು ಕೊಂಡದ್ದನ್ನು ಅವನು ದಿನಕ್ಕೊಮ್ಮೆ ಹೇಳುತ್ತಾನೆ. ಆ ನ್ಯಾಸ್ಪರ್ಸಿನ ಕುಡಿಯೇ ಬೆಂಗಳೂರಿನ ಸ್ವಿಗ್ಗಿಯಲ್ಲೂ ದೊಡ್ಡ ಪಾಲುದಾರ. ಇವನು ಬಿರಿಯಾನಿ ತರಿಸಿದಾಗಲೂ ಆ ಕಡೆಗೇ ಹೋಯಿತು ಅನ್ನಿ.

ಶುಕ್ರವಾರ

ಲೆಕ್ಕ ಹಾಕಿದೆ. ಚೀನಾದ ರಾತ್ರಿ ಎಂಟರಿಂದ ಒಂಬತ್ತು ಅಂದರೆ ನಮ್ಮ ಸಂಜೆ ಐದೂವರೆಯಿಂದ ಆರೂವರೆ. ಸರಿಯಾಗಿ ಐದೂವರೆಗೆ ಜಗಲಿ ಮೇಲೆ ಗಡಿಯಾರ ಇಟ್ಟುಕೊಂಡು ಕೂತೆ. ನಾಲ್ಕು ಹುಡುಗರು ಸೇರಿದ್ದರು, ಎಂಟು ಹೆಬ್ಬೆರಳಿಗೂ ವಿಭೂತಿ. ಆರೂವರೆ ಆಯಿತು. ಅಲ್ಲಿ ಯಾವುದೋ ಊರಿನ ಹುಡುಗನ ಫೋನು ತಾನಾಗಿ ನಿಂತಿರಬೇಕು. ಇಲ್ಲಿ ಏಳಾಯಿತು, ಏಳೂವರೆ ಆಯಿತು.

"ಮಾಮ, ನೆಟ್ ಖಾಲಿ. ಹಾಟ್‌ಸ್ಪಾಟ್ ಆನ್ ಮಾಡ್ತೀರಾ? ಒಂದೇ ಒಂದು ಮ್ಯಾಚ್."

ಮಾಡಿಕೊಟ್ಟೆ. ಪಾಸ್‌ವರ್ಡ್ ಹೇಳುವ ಮುಂಚೆಯೇ ಒತ್ತಿಯಾಗಿತ್ತು, ಅವನಿಗೆ ಮೊದಲೇ ಗೊತ್ತಿತ್ತು.